ರಾಗಿಕಾಳಿನಷ್ಟು ಸಡಿಲ

ನಮ್ಮೂರಿನಲ್ಲಿ ಪಟ ಬರೆಯುವವರು ಯಾರೂ ಇಲ್ಲ. ಬಟ್ಟೆ ಬಿಗಿಯುವವಳು ಒಬ್ಬಳಿದ್ದಾಳೆ, ಅವಳು ನಾನು. ನಮ್ಮನೆಯವರು ನಂಜುಂಡಾಚಾರಿ ಮರದ ಚೌಕಟ್ಟು ಮಾಡಿಕೊಡುತ್ತಾರೆ. ನಾನು ಅದಕ್ಕೆ ದಪ್ಪ ಕ್ಯಾನ್ವಾಸ್ ಬಟ್ಟೆ ಎಳೆದು ಮೊಳೆ ಹೊಡೆಯುತ್ತೇನೆ. ಜನ ಕೊಂಡುಹೋಗಿ ನಡುಮನೆಯ ಗೋಡೆಗೆ ತೂಗುಹಾಕುತ್ತಾರೆ. ಇಪ್ಪತ್ತೊಂದು ದಿನ ಕಳೆಯುವಷ್ಟರಲ್ಲಿ ಆ ಮನೆಯವರ ಮುಖ ಬಟ್ಟೆಯ ಮೇಲೆ ಮೂಡಿರುತ್ತದೆ. ಮೊದಲು ಕಣ್ಣು, ಆಮೇಲೆ ಮೂಗು ಬಾಯಿ, ಕಡೆಗೆ ಕಿವಿ. ಕಿವಿ ಬಂತೆಂದರೆ ಪಟ ಮುಗಿಯಿತು. ಅಷ್ಟು ದಿನವೂ ಮನೆಯವರೆಲ್ಲ ಅದೇ ಸೂರಿನಡಿ ಮಲಗಬೇಕು, ತಪ್ಪಿಸಿದರೆ ಮುಖ ಪೂರ್ತಿ ಬರುವುದಿಲ್ಲ. ನಮ್ಮ ಮೈದುನ ತನ್ನ ಮದುವೆಯ ಪಟ ಮೂಡುವಾಗ ಕೊನೆಯ ದಿನ ಇಸ್ಪೀಟಾಡಲು ಹೋಗಿ ಗೆಳೆಯನ ಮನೆಯಲ್ಲೇ ಉಳಿದುಬಿಟ್ಟ. ಪಟದಲ್ಲಿ ಅವನಿಗೆ ಕಿವಿಯೇ ಇಲ್ಲ. "ಅದಕ್ಕೇ ಇವರಿಗೆ ನನ್ನ ಮಾತು ಕೇಳ್ಸಲ್ಲ" ಎಂದು ಅವನ ಹೆಂಡತಿ ಇವತ್ತಿಗೂ ಬಂದವರಿಗೆಲ್ಲ ತೋರಿಸುತ್ತಾಳೆ.

ಈ ಕೆಲಸ ನನಗೆ ಕಲಿಸಿದ್ದು ನಮ್ಮತ್ತೆ. ಅಗಲ ಬಾಯಿಯ ಇಕ್ಕಳದಲ್ಲಿ ಬಟ್ಟೆಯ ಅಂಚು ಕಚ್ಚಿ, ಹೆಬ್ಬೆರಳನ್ನು ಮರಕ್ಕೆ ಒತ್ತಿ, ಮೈಭಾರ ಹಾಕಿ ಎಳೆಯಬೇಕು. ಮೂವತ್ನಾಲ್ಕು ವರ್ಷ ಎಳೆದೆ. ಹೋದ ವರ್ಷ ನನ್ನ ಬಲಗೈ ಹೆಬ್ಬೆರಳು ಮುಷ್ಕರ ಹೂಡಿತು. ಇಕ್ಕಳವಿರಲಿ, ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನೂ ತೆಗೆಯಲಾಗದ ಸ್ಥಿತಿ ಬಂತು. ವೈದ್ಯರು ಕೀಲು ಸವೆದಿದೆ ಎಂದರು. ಊರಿನವರು ನನ್ನನ್ನು ಕಂಡರೆ "ಹೇಗಿದ್ದೀರಿ" ಎನ್ನುವುದನ್ನು ಬಿಟ್ಟು "ಬೆರಳು ಹೇಗಿದೆ" ಎಂದು ಕೇಳತೊಡಗಿದರು. ಕೇಳದೆ ಏನು ಮಾಡಿಯಾರು, ನಮ್ಮಂಗಡಿಯಲ್ಲಿ ನಾಲ್ಕು ಮದುವೆಯ ಚೌಕಟ್ಟುಗಳು ಬಟ್ಟೆಯಿಲ್ಲದೆ ಬರಿಮೈಯಲ್ಲಿ ನಿಂತಿದ್ದವು.

ಆಗ ನಮ್ಮನೆಯವರು ನನಗೊಂದು ಮಾತೂ ಹೇಳದೆ ಎಲ್ಲಿಗೋ ಕಾಗದ ಬರೆದು, ಗಾಳಿಯಲ್ಲಿ ಬಟ್ಟೆ ಬಿಗಿಯುವ ಮಷೀನು ತರಿಸಿಬಿಟ್ಟರು. ಲಾರಿಯಿಂದ ಮರದ ಪೆಟ್ಟಿಗೆ ಇಳಿದಾಗಲೇ ನನಗೆ ವಿಷಯ ಗೊತ್ತಾದದ್ದು.

"ಗಾಳೀಲಿ ಬಟ್ಟೆ ಒಣಗುತ್ತೆ, ಕೇಳಿದ್ದೀನಿ. ಬಿಗಿಯುತ್ತೆ ಅಂತ ಇವತ್ತೇ ಕೇಳ್ತಿರೋದು" ಎಂದೆ.

"ಬೈಯೋದಿದ್ರೆ ಆಮೇಲೆ ಬೈಯಿ. ಮೊದಲು ಈ ಕಡೆ ಹಿಡ್ಕೋ. ಎಡಗೈಯಲ್ಲಿ" ಎಂದರು ಆಚಾರ್ರು.

ಕೂರಿಸಿಕೊಡಲು ಬಂದ ಫಿಟ್ಟರಿನ ಹೆಸರು ಅಂತೋಣಿ. ಹೊರಗಿನವನು, ಒಳ್ಳೆಯ ಕೆಲಸಗಾರ. ಮಷೀನೆಂದರೆ ಎದೆಮಟ್ಟದ ಕಬ್ಬಿಣದ ಮೇಜು. ನಾಲ್ಕೂ ಕಡೆ ಉದ್ದುದ್ದ ದವಡೆಗಳು, ಒಂದೊಂದು ದವಡೆಯ ಹಿಂದೆಯೂ ಕೊಳವೆ, ಎಲ್ಲ ಕೊಳವೆಗಳೂ ಮೂಲೆಯಲ್ಲಿದ್ದ ಕೆಂಪು ಗಾಳಿ ಟ್ಯಾಂಕಿಗೆ ಸೇರಿದ್ದವು. ನಮ್ಮಂಗಡಿಯ ನೆಲ ಬಾಗಿಲ ಕಡೆಗೆ ಇಳಿಜಾರು. ಮೇಜು ಮಟ್ಟವಾಗಿ ನಿಲ್ಲದೆ ಬಟ್ಟೆ ಓರೆ ಎಳೆಯುತ್ತದೆ ಎಂದು ಅಂತೋಣಿ ಅರ್ಧ ದಿನ ಕಾಲುಗಳ ತಿರುಪು ತಿರುಗಿಸಿದ. ಅವನು ಮಟ್ಟ ನೋಡುವ ಕೋಲನ್ನೇ ನಂಬಿದರೆ ಆಚಾರ್ರು ಮೇಜಿನ ಮೇಲೆ ತಟ್ಟೆಯಲ್ಲಿ ನೀರಿಟ್ಟು ನೋಡಿದರು. ಎರಡೂ ಒಂದೇ ಮಾತು ಹೇಳಿದ ಮೇಲೆ ಇಬ್ಬರೂ ಕಾಫಿ ಕುಡಿದರು.

ಮಾರನೆಯ ದಿನ ಟ್ಯಾಂಕಿಗೆ ಗಾಳಿ ತುಂಬಿಸಿದಾಗ ಎಲ್ಲೋ ಸಣ್ಣಗೆ ಸೋರುವ ಸದ್ದು. "ಸೋಪಿನ ನೀರು ಇದ್ರೆ ಕೊಡಿ ಅಮ್ಮ" ಎಂದ. ನಾನು ಅಂಟುವಾಳದ ಕಾಯಿ ಕಿವುಚಿ ನೊರೆ ತಂದುಕೊಟ್ಟೆ. ಬಟ್ಟೆ ಚೂರಿನಿಂದ ಒಂದೊಂದು ಕೀಲಿಗೂ ನೊರೆ ಹಚ್ಚುತ್ತ ಹೋದ. ಮೂರನೆಯ ಕೀಲಿನಲ್ಲಿ ಗುಳ್ಳೆ ಎದ್ದು ದೊಡ್ಡದಾಗಿ ಒಡೆಯಿತು. "ಸಿಕ್ಕಿಬಿದ್ದ ಕಳ್ಳ" ಎಂದು ಬಿಗಿ ಮಾಡಿದ. ನನಗೆ ಅಂತೋಣಿಯ ಮೇಲೆ ನಂಬಿಕೆ ಬಂದದ್ದು ಆ ಗುಳ್ಳೆಯಿಂದ.

ಆಮೇಲೆ ಗಾಳಿಯ ಒತ್ತಡ ತೋರಿಸುವ ಮೀಟರಿನ ಕೆಳಗಿದ್ದ ಕರಿಯ ತಿರುಪನ್ನು ತಿರುಗಿಸಿ, ಮುಳ್ಳನ್ನು ಐದಕ್ಕೆ ನಿಲ್ಲಿಸಿ, ತಿರುಪು ಅಲುಗಿದರೆ ಗೊತ್ತಾಗಲೆಂದು ಅದಕ್ಕೂ ಕೊಳವೆಗೂ ಸೇರಿಸಿ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದ. "ಪುಸ್ತಕದಲ್ಲಿ ಐದು ಅಂತಿದೆ. ಇದನ್ನ ಮಾತ್ರ ಮುಟ್ಬೇಡಿ. ಮುಟ್ಟಿದ್ರೆ ನಾನು ಜವಾಬ್ದಾರನಲ್ಲ" ಎಂದ. ಹೊರಡುವಾಗ ಗೋಡೆಯ ಪಟಗಳನ್ನು ನೋಡಿ, "ಇಷ್ಟು ಚೆನ್ನಾಗಿ ಬರೆಯೋರು ಯಾರು?" ಎಂದು ಕೇಳಿದ.

"ಯಾರೂ ಬರಿಯಲ್ಲಪ್ಪ" ಎಂದರು ಆಚಾರ್ರು.

ಅಂತೋಣಿ ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಉಳಿದ ಕಾಫಿ ಕುಡಿದು ಬಸ್ಸಿಗೆ ಹೊತ್ತಾಯಿತು ಎಂದು ಹೊರಟ.

ಕೆಲಸ ಸುಲಭವಾಗಿತ್ತು, ಸುಳ್ಳೇಕೆ ಹೇಳಲಿ. ಮೇಜಿನ ಮೇಲೆ ಬಟ್ಟೆ ಹಾಸಿ, ಎಳೆ ನೇರವಿದೆಯೇ ನೋಡಿ, ಚೌಕಟ್ಟನ್ನು ಮಗುಚಿ ಇಟ್ಟು, ಬಟ್ಟೆಯ ಅಂಚುಗಳನ್ನು ದವಡೆಗೆ ಕೊಟ್ಟರೆ ಆಯಿತು. ಕಾಲಲ್ಲಿ ಪೆಡಲ್ ಒತ್ತಿದರೆ ಸುಸ್ಸೆಂದು ದವಡೆಗಳು ಕಚ್ಚುತ್ತವೆ, ಇನ್ನೊಮ್ಮೆ ಒತ್ತಿದರೆ ನಾಲ್ಕೂ ಕಡೆಗೂ ಒಟ್ಟಿಗೇ ಎಳೆಯುತ್ತವೆ. ನಾನು ಎಡಗೈಯಲ್ಲಿ ಗನ್ನು ಹಿಡಿದು ಟಕಟಕ ಪಿನ್ನು ಹೊಡೆದು, ಮೂಲೆಗಳನ್ನು ಮಡಿಸಿದರೆ ಮುಗಿಯಿತು. ಕೈಯಲ್ಲಿ ಅರ್ಧ ದಿನದ ಕೆಲಸ, ಇಲ್ಲಿ ಅನ್ನ ಬೇಯುವಷ್ಟು ಹೊತ್ತು. ಮೊದಲನೆಯ ಚೌಕಟ್ಟು ಇಳಿಸಿ ಬೆರಳಿನಿಂದ ಮೀಟಿ ನೋಡಿದೆ. ನನ್ನ ಕೈಯ ಬಟ್ಟೆ ಧುಂ ಎನ್ನುತ್ತಿತ್ತು. ಇದು ಟಣ್ ಎಂದಿತು. ಸದ್ದು ಎತ್ತರವಾಯಿತು ಎಂದು ಒಂದು ಕ್ಷಣ ಅನಿಸಿತು. ಆದರೆ ನೋಡಲು ಎಷ್ಟು ಚೆಂದ! ಒಂದು ಸುಕ್ಕಿಲ್ಲ, ಒಂದು ಅಲೆಯಿಲ್ಲ. ಆ ಚೆಂದಕ್ಕೆ ಮರುಳಾಗಿ ನನ್ನ ಕಿವಿ ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ತಪ್ಪು ಅಲ್ಲೇ ಆದದ್ದು.

ಮೂರು ವಾರಕ್ಕೆ ಪಟಗಳು ಮೂಡಿದಾಗ ಊರೇ ಬೆರಗಾಯಿತು. ಮುಖಗಳ ಮೇಲೂ ಒಂದು ಸುಕ್ಕಿಲ್ಲ! ಐವತ್ತಾದವರು ಮೂವತ್ತರ ಹಾಗೆ, ಎಪ್ಪತ್ತಾದವರು ನಲವತ್ತರ ಹಾಗೆ ಬಂದಿದ್ದರು. ಬಟ್ಟೆ ಎಳೆದ ಎಳೆತಕ್ಕೆ ಹಣೆಯ ಗೆರೆ, ಕಣ್ಣಡಿಯ ಚೀಲ, ಕೊರಳಿನ ಮಡಿಕೆ ಎಲ್ಲ ಮಾಯ. ಮದುಮಕ್ಕಳ ಪಟಕ್ಕಿಂತ ಅವರ ಅಜ್ಜಿಯರ ಪಟಗಳಿಗೇ ನಮ್ಮಂಗಡಿಯ ಮುಂದೆ ಸಾಲು ಹತ್ತಿತು. ಇರುವ ಪಟಗಳನ್ನೇ ಬಿಚ್ಚಿಸಿ ಹೊಸದು ಹಾಕಿಸಿದರು. ನಾನೂ ನಮ್ಮನೆಗೆ ಒಂದು ಹಾಕಿಸಿದೆ. ಆಚಾರ್ರು ಅದರ ಮುಂದೆ ನಿಂತು, "ಸಾವಂತ್ರಿ, ಈ ಹುಡುಗಿ ಯಾರು? ಮದುವೆ ಗೊತ್ತಾಗಿದೆಯಾ?" ಎಂದರು. ಬೈದೆ. ಒಳಗೊಳಗೆ ಹಿಗ್ಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಹೀಗಿರುವಾಗ ಸಣ್ಣತಾಯಮ್ಮ ಬಂದಳು. ತಾಯಮ್ಮ ನನ್ನ ಓರಗೆಯವಳು, ಪಕ್ಕದ ಬೀದಿ. ಗಂಡ ಬೋರಯ್ಯ ಮೂವತ್ತು ವರ್ಷ ಊರಿಗೆ ನೀರು ಬಿಟ್ಟವರು. ಯಾವ ಬೀದಿಗೆ ಯಾವ ವಾಲ್ವು, ಎಷ್ಟು ಸುತ್ತು ತಿರುಗಿಸಬೇಕು ಎಲ್ಲ ಅವರ ಅಂಗೈಯಲ್ಲಿತ್ತು. ಈಗ ನಾಲ್ಕು ವರ್ಷದಿಂದ ಅವರಿಗೆ ಮರೆವು. ಬೀದಿ ಮರೆತುಹೋಯಿತು, ನೆಂಟರು ಮರೆತುಹೋದರು, ಕೆಲವು ದಿನ ಬೆಳಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಆದರೆ ತಾಯಮ್ಮನನ್ನು ಮಾತ್ರ ಮರೆತಿರಲಿಲ್ಲ, ಏಕೆಂದರೆ ಅವರ ನಡುಮನೆಯಲ್ಲಿ ಬೋರಯ್ಯನ ಅರವತ್ತಕ್ಕೆ ನಾನೇ ಬಿಗಿದ, ಇಬ್ಬರ ಪಟವಿತ್ತು. ದಿನಾ ಬೆಳಗ್ಗೆ ಎದ್ದು ಅದರ ಮುಂದೆ ನಿಲ್ಲುವರು. ಪಟ ನೋಡುವರು, ಒಲೆಯ ಮುಂದೆ ಕೂತವಳನ್ನು ನೋಡುವರು, ಮತ್ತೆ ಪಟ ನೋಡುವರು. ಆಮೇಲೆ, "ಏ ತಾಯಮ್ಮಿ, ಕಾಫಿ ಆಯ್ತಾ?" ಎನ್ನುವರು. ದಿನ ಶುರುವಾಗುತ್ತಿದ್ದದ್ದು ಹಾಗೆ.

ಆ ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು. ಚೌಕಟ್ಟು ಮುರಿದು ಬಟ್ಟೆ ಜೋತುಬಿದ್ದರೆ ಪಟ ಅಳಿಸಿಹೋಗುತ್ತದೆ, ಮತ್ತೆ ಬಿಗಿದರೂ ಬರುವುದಿಲ್ಲ. "ಅದು ಬೀಳೋದ್ರೊಳಗೆ ಇನ್ನೊಂದು ಮಾಡ್ಕೊಡವ್ವ" ಎಂದಳು. ಮಾಡಿಕೊಟ್ಟೆ, ಮಷೀನಿನಲ್ಲಿ, ಐದರಲ್ಲಿ. ಹಳೆಯದರ ಪಕ್ಕದಲ್ಲೇ ತೂಗುಹಾಕಿದರು. ಹೊಸದು ಮೂಡಿ ಮುಗಿದ ವಾರಕ್ಕೆ ಹಳೆಯದು ಕುಸಿದು ಬಿತ್ತು. ಸಂಜೆಯೊಳಗೆ ಅದು ಬರೀ ಬಟ್ಟೆಯಾಗಿತ್ತು.

ಮಾರನೆಯ ದಿನ ತಾಯಮ್ಮ ಅಂಗಡಿಗೆ ಬಂದು ಮರದ ಹೊಟ್ಟಿನ ಮೇಲೇ ಕೂತುಬಿಟ್ಟಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನನ್ನ ನೋಡಿ, ಯಾರವ್ವ ನೀನು ಅಂದ್ರು ಕಣೆ. ಪಟ ತೋರಿಸ್ಬುಟ್ಟು, ಇವಳು ನನ್ನೆಂಡ್ರು, ನೀನ್ಯಾರು ಅಂದ್ರು. ನಾನೇ ಕಣ್ರಿ ಅಂದೆ. ನಗಾಡಿದ್ರು. ವಯಸ್ಸಾದೋಳು ಹಂಗೆಲ್ಲ ಸುಳ್ಳಾಡಬಾರ್ದು ತಾಯಿ ಅಂದ್ರು."

ಹೋಗಿ ನೋಡಿದೆ. ಪಟದಲ್ಲಿ ಮೂವತ್ತರ ತಾಯಮ್ಮ ನಗುತ್ತಿದ್ದಳು. ಭಾರದ ಓಲೆ ಹಾಕಿ ಹಾಕಿ ಅವಳ ಬಲಗಿವಿಯ ಹಾಲೆ ಹರಿದು ಎಷ್ಟೋ ವರ್ಷವಾಗಿತ್ತು, ಅದು ಕೂಡ ಅಲ್ಲಿ ಕೂಡಿಕೊಂಡಿತ್ತು. ಪಕ್ಕದಲ್ಲಿ ಬೋರಯ್ಯನೂ ಹುಡುಗನೇ. ಆದರೆ ಅದರಲ್ಲಿ ಅವರಿಗೇನೂ ವಿಚಿತ್ರ ಕಾಣಲಿಲ್ಲ. ಗಂಡಸರಿಗೆ ತಮ್ಮ ವಯಸ್ಸು ಯಾವತ್ತು ಗೊತ್ತಾಗಿದೆ?

ಮನೆಗೆ ಬಂದು ಅಟ್ಟದಿಂದ ಅತ್ತೆಯ ಇಕ್ಕಳ ಇಳಿಸಿದೆ. ಎರಡು ಕಡೆ ಎಳೆದೆ. ಮೂರನೆಯ ಕಡೆಗೆ ಹೆಬ್ಬೆರಳಿನಲ್ಲಿ ಬೆಂಕಿ ಹೊತ್ತಿಕೊಂಡಂತಾಗಿ ಇಕ್ಕಳ ಕೆಳಗೆ ಬಿತ್ತು. "ಕೊಡಿಲ್ಲಿ" ಎಂದು ಆಚಾರ್ರು ಎಳೆದರು. ಅವರ ಕೈ ಮರಕ್ಕೆ ಹುಟ್ಟಿದ ಕೈ, ಬಟ್ಟೆ ಪರ್ರೆಂದು ಹರಿಯಿತು. ಇಬ್ಬರೂ ನೆಲದ ಮೇಲೆ ಕೂತೆವು. ಆಗ ನನಗೆ ನಮ್ಮತ್ತೆ ನೆನಪಾದರು. ಕೊನೆಯ ಮೊಳೆ ಹೊಡೆಯುವ ಮೊದಲು ಅವರು ಒಂದು ಉಸಿರು ಬಿಡುತ್ತಿದ್ದರು. ಬಿಗಿದ ಕೈಯನ್ನು ಒಂದು ರಾಗಿಕಾಳಿನಷ್ಟು ಸಡಿಲ ಮಾಡುತ್ತಿದ್ದರು. "ಬಟ್ಟೆಗೂ ಉಸಿರಾಡಕ್ಕೆ ಜಾಗ ಬೇಕು ಕಣೆ" ಎನ್ನುತ್ತಿದ್ದರು. ನಾನೂ ಮೂವತ್ನಾಲ್ಕು ವರ್ಷ ಹಾಗೇ ಮಾಡಿದ್ದೆ, ಮಾಡುತ್ತಿದ್ದೇನೆಂದು ಗೊತ್ತಿಲ್ಲದೆಯೇ. ಮುಖದ ಗೆರೆಗಳು ನಿಲ್ಲುತ್ತಿದ್ದದ್ದು ಆ ರಾಗಿಕಾಳಿನಷ್ಟು ಜಾಗದಲ್ಲಿ. ಮಷೀನು ಉಸಿರು ಬಿಡುವುದಿಲ್ಲ. ಅದಕ್ಕೆ ಐದೆಂದರೆ ಐದೇ.

"ಹಾಗಾದ್ರೆ ಆ ತಿರುಪು ತಿರುಗಿಸ್ಬೇಕು" ಎಂದರು ಆಚಾರ್ರು.

"ತಿರುಗಿಸಿ."

"ನಾನಾ? ಅಂತೋಣಿ ಏನಂದ ಕೇಳಿಲ್ವಾ? ಟ್ಯಾಂಕು ಗೀಂಕು ಸಿಡಿದ್ರೆ?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವರು ನನ್ನ ಮುಖ, ನಾನು ಅವರ ಮುಖ ನೋಡುತ್ತ ಎರಡು ದಿನ ಕಳೆದೆವು. ಮೂರನೆಯ ದಿನ ಬೆಳಗ್ಗೆ ತಾಯಮ್ಮನೇ ಬಂದಳು, ಹಿಂದೆ ಬೋರಯ್ಯ. ಮನೆಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲವೆಂದು ಕರೆತಂದಿದ್ದಳು. ಅವರು ನನಗೆ ಕೈಮುಗಿದು, "ಈ ಅಡುಗೆಯಮ್ಮ ದಾರಿ ತೋರಿಸ್ತೀನಿ ಅಂದ್ಲು, ಬಂದೆ. ನನ್ನೆಂಡ್ರು ತವರಿಗೆ ಹೋಗವಳೆ. ಈ ತಾಯಿ ಪಾಪ ಅಡುಗೆ ಮಾಡಾಕ್ತಳೆ. ಬಸ್ಸಾರು ಮಾಡಿದ್ಲು ನೋಡಿ ನೆನ್ನೆ! ನನ್ನೆಂಡ್ರಿಗೆ ಹೇಳ್ಬೇಡಿ, ಅವಳ ಕೈಲಿ ಹಂಗೆ ಬರಾಕಿಲ್ಲ" ಎಂದರು. ತಾಯಮ್ಮ ಅಳಬೇಕೋ ನಗಬೇಕೋ ತಿಳಿಯದೆ ಸೆರಗು ಬಾಯಿಗಿಟ್ಟುಕೊಂಡಳು.

ಅಷ್ಟರಲ್ಲಿ ಬೋರಯ್ಯನ ಕಣ್ಣು ಮಷೀನಿನ ಮೇಲೆ ಬಿತ್ತು. ಕೊಳವೆಯ ಮೇಲೆ ಕೈಯಾಡಿಸಿದರು, ಟ್ಯಾಂಕಿಗೆ ಕಿವಿಯಿಟ್ಟರು. ಕರಿಯ ತಿರುಪನ್ನು ಕಂಡಾಗ ಅವರ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ.

"ಯಾರು ಇದನ್ನ ಇಷ್ಟು ತೆಗೆದಿರೋದು? ಪೈಪು ಅಳ್ತಾ ಅದೆ" ಎಂದರು.

"ಅದರಲ್ಲಿ ನೀರಿಲ್ಲ ಬೋರಯ್ಯನೋರೆ, ಗಾಳಿ" ಎಂದೆ.

"ಯಾವ್ದಾದ್ರೇನವ್ವ, ಪೈಪ್ನಾಗೆ ಹೋಗೋದೆಲ್ಲ ಒಂದೇ ಜಾತಿ."

ನನಗೆ ಏನನ್ನಿಸಿತೋ, ಮೇಜಿನ ಮೇಲೆ ಬಟ್ಟೆ ಹಾಸಿ, ಚೌಕಟ್ಟಿಟ್ಟು, ಪೆಡಲ್ ಒತ್ತಿದೆ. ದವಡೆಗಳು ಕಚ್ಚಿ ಎಳೆದವು. ಬಟ್ಟೆ ಮೀಟಿದೆ. ಟಣ್. "ಇಷ್ಟು ಬೇಡ, ಕಮ್ಮಿ ಮಾಡಿ" ಎಂದೆ. ಆಚಾರ್ರು ಬಾಗಿಲಾಚೆ ಒಂದು ಕಾಲಿಟ್ಟು ನಿಂತರು. ಬೋರಯ್ಯ ತಿರುಪು ಹಿಡಿದು ಒಂದು ಕೂದಲೆಳೆಯಷ್ಟು ತಿರುಗಿಸಿ, ನಿಲ್ಲಿಸಿ, ಕೊಳವೆಗೆ ಕಿವಿಯಿಟ್ಟು ಕೇಳಿದರು. ಕೆಂಪು ಗೆರೆ ಎರಡು ತುಂಡಾಯಿತು. ಸುಸ್ಸೆಂದು ಗಾಳಿ ಬಿಟ್ಟಿತು, ಸಿಡಿಯಲಿಲ್ಲ. "ತಿರುಗಿಸ್ಬುಟ್ಟು ಓಡೋಗಬಾರ್ದು. ತಿರುಗಿಸಿ ಕೇಳ್ಬೇಕು. ಆ ಕಡೆ ಬೀದಿಗೆ ತಲುಪೋಗಂಟ ಕಾಯ್ಬೇಕು" ಎಂದರು. ಮುಳ್ಳು ನಾಲ್ಕಕ್ಕೆ ಬಂತು. ಮೀಟಿದೆ, ಇನ್ನೂ ಎತ್ತರ. ಇನ್ನೊಂದೆಳೆ ತಿರುಗಿಸಿದರು. ಹೀಗೆ ಅವರು ಕೇಳುತ್ತ ನಾನು ಮೀಟುತ್ತ ಅರ್ಧ ಗಂಟೆಯಾಯಿತು. ಮೂರರ ಮೇಲೆ ಒಂದಿಷ್ಟು ಇರುವಾಗ ಬಟ್ಟೆ ಧುಂ ಎಂದಿತು. ನಮ್ಮತ್ತೆಯ ಧುಂ. "ಸಾಕು!" ಎಂದು ಕಿರುಚಿದೆ. ಬೋರಯ್ಯ ಕೈ ತೆಗೆದು ಪಂಚೆಗೆ ಒರೆಸಿಕೊಂಡರು.

"ಈಗ ಮೇಲಿನ ಬೀದಿಗೂ ಸಿಗ್ತದೆ" ಎಂದರು.

ಪಟ ಬಿಗಿದು ತಾಯಮ್ಮನ ನಡುಮನೆಯ ಇನ್ನೊಂದು ಗೋಡೆಗೆ ಹಾಕಿದ್ದೇನೋ ಆಯಿತು, ಅದು ಮೂಡಬೇಕಲ್ಲ? ತಾಯಮ್ಮ ಇಪ್ಪತ್ತೊಂದು ದಿನ ಆ ಮನೆಯಲ್ಲೇ ಮಲಗಬೇಕು. ಬೋರಯ್ಯ ಒಪ್ಪಲಿಲ್ಲ. ಹೆಂಡತಿ ಇಲ್ಲದಾಗ ಪರಸ್ತ್ರೀಯೊಬ್ಬಳು ಮನೆಯಲ್ಲಿ ಮಲಗಿದರೆ ಜನ ಏನೆಂದಾರು ಎಂದು ಅವಳ ಚಾಪೆಯನ್ನು ತಾವೇ ಜಗುಲಿಗೆ ತಂದಿಟ್ಟರು. ಒಳ್ಳೆಯ ಗಂಡಸು, ಏನು ಹೇಳುವುದು! ನಾನು ಹೋಗಿ, "ಆ ಅಡುಗೆಯಮ್ಮನಿಗೆ ಬೇರೆ ಗತಿಯಿಲ್ಲ, ಅಡುಗೆಮನೆಯಲ್ಲಿ ಮಲಗಿಕೊಳ್ಳಲಿ. ನಿಮ್ಮ ಹೆಂಡತಿ ಬಂದು ಕೇಳಿದರೆ ನಾನು ಉತ್ತರ ಕೊಡುತ್ತೇನೆ" ಎಂದೆ. ತುಂಬ ಯೋಚಿಸಿ ಒಪ್ಪಿದರು. ಸೂರು ಒಂದೇ ಆದರೆ ಸಾಕು, ಬಟ್ಟೆಗೆ ಕೋಣೆಯ ಭೇದವಿಲ್ಲ.

ತಾಯಮ್ಮ ತನ್ನ ಮನೆಯಲ್ಲೇ ಅಡುಗೆಯವಳಾಗಿ ಇಪ್ಪತ್ತೊಂದು ದಿನ ಬಾಳಿದಳು. ಗಂಡ "ತಾಯಿ" ಎಂದು ಕರೆಯುವುದನ್ನು ಸಹಿಸಿದಳು. ತನ್ನದೇ ಡಬ್ಬದಿಂದ ಸಕ್ಕರೆ ತೆಗೆಯಲು ಅವರ ಅಪ್ಪಣೆ ಕೇಳಿದಳು. ಒಂದು ಮಾತು ಹೇಳಬೇಕು, ಅಷ್ಟು ಮರ್ಯಾದೆಯನ್ನು ಅವಳು ನಲವತ್ತು ವರ್ಷದ ಸಂಸಾರದಲ್ಲಿ ಕಂಡಿರಲಿಲ್ಲ. "ಉಂಡ್ಯಾ ತಾಯಿ ಅಂತ ಕೇಳ್ತರೆ ಕಣೆ! ಯಾವತ್ತಾದ್ರೂ ಕೇಳಿದ್ರಾ?" ಎಂದು ನನ್ನ ಹತ್ತಿರ ಹೇಳಿಕೊಂಡು ನಕ್ಕಳು. ಮರುಗಳಿಗೆಗೇ, "ಆದ್ರೂ ಬೈಸ್ಕೊಳ್ದೆ ಬ್ಯಾಸರ ಆಯ್ತದೆ" ಎಂದಳು. ಹಗಲೆಲ್ಲ ಹೊಸ ಪಟದ ಮುಂದೆಯೇ ಕೂತು ಕಾಳು ಆರಿಸಿದಳು. ಎಂಟನೆಯ ದಿನ ಕಣ್ಣು ಬಂತು. ಹದಿನಾರಕ್ಕೆ ಮೂಗು ಬಾಯಿ. ಹಣೆಯ ಮೇಲೆ ಮೂರು ಗೆರೆ, ಬಾಯಿಯ ಆಚೀಚೆ ಎರಡು. ನಾನು ದಿನಾ ಒಂದು ನೆಪ ಮಾಡಿಕೊಂಡು ಹೋಗಿ ಆ ಗೆರೆಗಳನ್ನು ಎಣಿಸಿ ಬರುತ್ತಿದ್ದೆ. ಬೋರಯ್ಯ ಮಾತ್ರ ಆ ಕಡೆ ನೋಡಲೇ ಇಲ್ಲ, ಎದುರು ಗೋಡೆಯ ಮೂವತ್ತರ ಹೆಂಡತಿಯನ್ನೇ ನೋಡುತ್ತಿದ್ದರು. ನನಗೆ ಭಯವಾಗತೊಡಗಿತು. ಇದೂ ಆಗದಿದ್ದರೆ? ತಾಯಮ್ಮನಿಗೆ ಯಾವ ಮುಖ ಹೊತ್ತು ಎದುರಾಗಲಿ?

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಜರಡಿ ಕೇಳುವ ನೆಪದಲ್ಲಿ ಹೋದೆ. ಕಿವಿ ಬಂದಿತ್ತು, ಹರಿದ ಹಾಲೆಯ ಸಮೇತ. ಬೋರಯ್ಯ ಊಟಕ್ಕೆ ಕೂತಿದ್ದರು. ಆ ದಿನ ತಾಯಮ್ಮ ಬೇಕೆಂದೇ ಅವರ ತಟ್ಟೆಯನ್ನು ಹೊಸ ಪಟದ ಕಡೆಗೆ ತಿರುಗಿಸಿ ಇಟ್ಟಿದ್ದಳು. ಅವಳು ಬಡಿಸಿದ ಮುದ್ದೆ ತಟ್ಟೆಯ ಅಂಚಿಗೆ ಬಿತ್ತು. ಬೋರಯ್ಯ ತಲೆಯೆತ್ತಿದರು. ಪಟ ನೋಡಿದರು. ಬಗ್ಗಿ ಸಾರು ಬಿಡುತ್ತಿದ್ದ ಅವಳನ್ನು ನೋಡಿದರು. ಅವಳ ಕಿವಿಯನ್ನು ನೋಡಿದರು. ಮತ್ತೆ ಪಟ ನೋಡಿದರು. ನಾನು ಹೊಸಿಲಿನ ಮೇಲೆ ಉಸಿರು ಹಿಡಿದು ನಿಂತಿದ್ದೆ.

"ಯಾವಾಗ ಬಂದ್ಯೆ ತಾಯಮ್ಮಿ ತವರಿಂದ?"

ತಾಯಮ್ಮನ ಕೈಯ ಸೌಟು ಅಲ್ಲೇ ನಿಂತಿತು. "ಈಗ್ಲೇಯ" ಎಂದಳು.

"ಹೇಳ್ದೆ ಕೇಳ್ದೆ ಹೋಗ್ಬುಡದಾ? ಮನೇಲಿ ಗಂಡ ಅನ್ನೋನೊಬ್ಬ ಅವ್ನೆ ಅನ್ನೋದು ಬ್ಯಾಡ್ವಾ?" ಎಂದು ಬೈಯತೊಡಗಿದರು. ಚೆನ್ನಾಗಿಯೇ ಬೈದರು. ಅವಳು ಕಣ್ಣೊರೆಸಿಕೊಳ್ಳುತ್ತ ಆ ಬೈಗುಳವನ್ನು ತವರಿನ ಉಡುಗೊರೆಯ ಹಾಗೆ ತೆಗೆದುಕೊಂಡಳು. ನನಗೂ ಕಣ್ಣು ತುಂಬಿ ಪಟ ಮಂಜಾಯಿತು. ಎದುರು ಗೋಡೆಯ ಪಟದ ಕಡೆ ಕೈತೋರಿಸಿ ಬೋರಯ್ಯ ನನಗೆ, "ಅದು ನಮ್ಮ ಮದುವೆ ಕಾಲದ್ದು. ಇದು ಈಗಿಂದು" ಎಂದು ವಿವರಿಸಿದರು. ಹೀಗಾಗಿ ನನ್ನ ತಪ್ಪು ಪಟವೂ ಅವರ ಗೋಡೆಯ ಮೇಲೆ ಮರ್ಯಾದೆಯಿಂದ ಉಳಿಯಿತು.

ಈಗ ನಮ್ಮಂಗಡಿಯಲ್ಲಿ ಯಾರೇ ಬಂದರೂ "ಐದಕ್ಕೋ, ಮೂರಕ್ಕೋ?" ಎಂದು ಕೇಳುತ್ತೇನೆ. ಎಷ್ಟೋ ಜನ ಐದೇ ಸಾಕೆನ್ನುತ್ತಾರೆ, ನನ್ನದೇನೂ ಅಭ್ಯಂತರವಿಲ್ಲ. ಮನೆಯಲ್ಲಿ ಮರೆವಿನವರಿದ್ದರೆ ಮಾತ್ರ ಮೂರರ ಮೇಲೆ ಒಂದಿಷ್ಟು, ಅಲ್ಲಿ ನನ್ನ ಮಾತೇ ನಡೆಯಬೇಕು. ತಿಂಗಳಿಗೊಮ್ಮೆ ಬೋರಯ್ಯ ಬಂದು ಪೈಪು ಅಳುತ್ತಿದೆಯೇ ಎಂದು ಕೇಳಿ ಹೋಗುತ್ತಾರೆ. ಆಚಾರ್ರೂ ಈಗ ಬಾಗಿಲೊಳಗೇ ನಿಲ್ಲುತ್ತಾರೆ.

ಆದರೆ ಆ ಮಧ್ಯಾಹ್ನದ ಊಟ ಇನ್ನೂ ಮುಗಿದಿರಲಿಲ್ಲ. ಬೋರಯ್ಯ ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ಬಾಯಿಗಿಟ್ಟರು. ನಿಧಾನಕ್ಕೆ ನುಂಗಿ, ಮುಖ ಹುಳ್ಳಗೆ ಮಾಡಿದರು.

"ನೀನಿಲ್ದಾಗ ಒಬ್ಳು ಅಡುಗೆಯಮ್ಮ ಬಂದಿದ್ಲು ಕಣೆ. ಏನು ಬಸ್ಸಾರು ಮಾಡ್ತಿದ್ಲು ಅಂತೀಯ! ಎಲ್ಲವಳೆ ಅಂತ ವಿಚಾರಿಸ್ಬುಟ್ಟು, ಅವಳತ್ರ ಒಸಿ ಕಲ್ತ್ಕೊಂಡು ಬಾ."

ತಾಯಮ್ಮ ನನ್ನ ಮುಖ ನೋಡಿದಳು. ಆಮೇಲೆ ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

"ಆಯ್ತು ಬುಡಿ, ಕಲ್ತ್ಕತೀನಿ" ಎಂದಳು.